ಮಾವನ ಎಕ್ಸ್‌ಪಿ ಡಬ್ಬದಿಂದ ಹೊಸ ಲ್ಯಾಪ್‌ಟಾಪಿಗೆ ಮೇಲ್ ಸಾಗಾಟ, ಇಲ್ಲಿವರೆಗೆ ಆದದ್ದು

ಮೊದಲ ಶನಿವಾರ

ಮುಂಬಯಿ ಮಾಟುಂಗಾದ ನಮ್ಮ ಸೋದರಮಾವನ ಕಂಪ್ಯೂಟರ್ ಈಗ ಕೊನೆ ಉಸಿರಲ್ಲಿ ಉಂಟು, ಆನ್ ಮಾಡಿದ್ರೆ ಎಸ್‌ಎಂಪಿಎಸ್ (ಕರೆಂಟ್ ಕೊಡುವ ಪೆಟ್ಟಿಗೆ) ಒಳಗೆ ಯಾರೋ ಚಟ್ನಿ ರುಬ್ಬಿದ ಹಾಗೆ ಶಬ್ದ. ವಿಂಡೋಸ್ ಎಕ್ಸ್‌ಪಿ, ಮೇಲ್ ನೋಡ್ಲಿಕ್ಕೆ ಅದರ ಜೊತೆಗೇ ಬಂದ ಔಟ್‌ಲುಕ್ ಎಕ್ಸ್‌ಪ್ರೆಸ್. ಎಕ್ಸ್‌ಪಿಗೆ ಸಪೋರ್ಟ್ ನಿಂತದ್ದೇ 2014ರ ಏಪ್ರಿಲಲ್ಲಿ, ಮಾವನಿಗೆ ಅದರ ಬಿಸಿ ತಾಗಲೇ ಇಲ್ಲ. ಮಗಳು ಹೊಸ ಲ್ಯಾಪ್‌ಟಾಪ್ ತೆಗೆದುಕೊಟ್ಟಿದ್ದಾಳೆ, ಮಾವ ಮುಟ್ಟುವುದಿಲ್ಲ. "ನನ್ನ ಮೇಲ್ ಎಲ್ಲ ಅದರಲ್ಲಿ ಬರ್ಲಿ, ಮತ್ತೆ ನೋಡುವ" ಅಂತ ಒಂದೇ ಮಾತು. ಹಾಗಾಗಿ ನಾನು ಡೊಂಬಿವಲಿಯಿಂದ ಸ್ಲೋ ಲೋಕಲ್ ಹತ್ತಿ ಹೋದದ್ದು.

"ಮಾವ, ಮೇಲ್ ಎಲ್ಲ ಸರ್ವರಲ್ಲೇ ಇರ್ತದಲ್ಲ, ಲಾಗಿನ್ ಮಾಡಿದ್ರೆ ಆಯ್ತು" ಅಂತ ದೊಡ್ಡ ಜಾಣನ ಹಾಗೆ ಹೇಳಿದೆ. ನೋಡಿದ್ರೆ ಅಕೌಂಟ್ ಪಿಒಪಿ3 (ಮೇಲನ್ನು ಸರ್ವರಿಂದ ಕಂಪ್ಯೂಟರಿಗೆ ಇಳಿಸಿಕೊಳ್ಳುವ ಹಳೇ ಕ್ರಮ), ಸರ್ವರಲ್ಲಿ ಕಾಪಿ ಬಿಡು ಅನ್ನುವ ಟಿಕ್ ಹಾಕಿಯೇ ಇಲ್ಲ. ಅಂದ್ರೆ ಮೇಲ್ ಇಳಿದ ಕೂಡಲೇ ಅಲ್ಲಿಂದ ಅಳಿಸಿ ಹೋಗಿದೆ, ಇಡೀ ಲೋಕದಲ್ಲಿ ಆ ಮೇಲುಗಳಿಗೆ ಇರುವ ಜಾಗ ಈ ರುಬ್ಬುವ ಡಬ್ಬ ಒಂದೇ. ಅಲ್ಲಿಗೆ ನನ್ನ ಬಾಯಿ ಬಂದ್.

ಫೈಲ್ ಎಲ್ಲಿದೆ ಅಂತ ಹುಡುಕುವುದು ಮಾತ್ರ ಸುಲಭ. ಟೂಲ್ಸ್, ಆಪ್ಷನ್ಸ್, ಮೇಂಟೆನೆನ್ಸ್, ಅಲ್ಲಿ ಸ್ಟೋರ್ ಫೋಲ್ಡರ್ ಅಂತ ಬಟನ್ ಉಂಟು, ಒತ್ತಿದ್ರೆ ಪೂರ್ತಿ ದಾರಿ ತೋರಿಸ್ತದೆ. ಅದನ್ನು ಕಾಪಿ ಮಾಡಿ ಸ್ಟಾರ್ಟ್ ಮೆನುವಿನ ರನ್‌ಗೆ ಹಾಕಿದ್ರೆ ನೇರ ಒಳಗೆ, ಇಲ್ಲದಿದ್ರೆ ಲೋಕಲ್ ಸೆಟ್ಟಿಂಗ್ಸ್ ಫೋಲ್ಡರ್ ಹಿಡನ್ ಇರುವ ಕಾರಣ ಕಣ್ಣಿಗೇ ಬೀಳುವುದಿಲ್ಲ. ಒಂದೊಂದು ಮೇಲ್ ಫೋಲ್ಡರಿಗೆ ಒಂದೊಂದು ಡಿಬಿಎಕ್ಸ್ ಫೈಲ್. ಇನ್‌ಬಾಕ್ಸ್ ಒಂದೇ 1.8 ಜಿಬಿ! ಡಿಬಿಎಕ್ಸ್‌ಗೆ 2 ಜಿಬಿ ಮಿತಿ, ಅದನ್ನು ದಾಟಿದ್ರೆ ಫೈಲೇ ಕೆಟ್ಟು ಹೋಗ್ತದೆ. ಫೋಲ್ಡರ್ ಕಾಂಪ್ಯಾಕ್ಟ್ ಮಾಡ್ಲಾ (ಅಳಿಸಿದ ಮೇಲ್ ಹಿಡಿದಿಟ್ಟ ಜಾಗ ಖಾಲಿ ಮಾಡ್ಲಾ) ಅಂತ ಆಗಾಗ ಕೇಳುವ ಬಾಕ್ಸಿಗೆ ಮಾವ ಇಷ್ಟು ವರ್ಷ ಕ್ಯಾನ್ಸಲ್ ಒತ್ತುತ್ತಾ ಬಂದಿದ್ದಾರೆ. "ನನಗೆ ಎಂತದ್ದೂ ಕಾಂಪ್ಯಾಕ್ಟ್ ಬೇಡ, ಎಲ್ಲ ಇರ್ಲಿ" ಅಂತೆ.

ಬೇರೆ ಎಂತದ್ದೂ ಮುಟ್ಟುವ ಮೊದಲು ಇಡೀ ಫೋಲ್ಡರ್ ಪೆನ್‌ಡ್ರೈವಿಗೆ ಕಾಪಿ. ಬ್ಯಾಕಪ್ ಆಗುವಾಗ ಎಸ್‌ಎಂಪಿಎಸ್ ಎರಡು ಸಲ ಕೆಮ್ಮಿತು, ನಾನು ಉಸಿರು ಬಿಗಿ ಹಿಡಿದು ಕೂತೆ. ಅತ್ತೆ ಗೋಳಿಬಜೆ ತಂದಿಟ್ಟದ್ದು ತಣ್ಣಗಾಯ್ತು.

ಎರಡನೇ ಶನಿವಾರ

ಈ ವಾರ ಓದಿ ಗೊತ್ತಾದದ್ದು: ಹೊಸ ವಿಂಡೋಸಿಗೆ ಡಿಬಿಎಕ್ಸ್ ಗುರ್ತವೇ ಇಲ್ಲ. ಎಕ್ಸ್‌ಪಿಯ ನಂತರದ ವಿಸ್ಟಾ ಬಂದಾಗಲೇ ಔಟ್‌ಲುಕ್ ಎಕ್ಸ್‌ಪ್ರೆಸ್ ಹೋಯ್ತು. ಥಂಡರ್‌ಬರ್ಡ್ ಅನ್ನುವ ಬೇರೊಂದು ಮೇಲ್ ಪ್ರೋಗ್ರಾಮಿಗೆ ಅದರ ಮೇಲ್ ಎಳೆದುಕೊಳ್ಳಲಿಕ್ಕೆ ಬರ್ತದೆ, ಆದ್ರೆ ಔಟ್‌ಲುಕ್ ಎಕ್ಸ್‌ಪ್ರೆಸ್ ಅದೇ ಮಿಷನಲ್ಲಿ ಇರ್ಬೇಕು. ಹಾಗಾಗಿ ಎಕ್ಸ್‌ಪಿಯಲ್ಲೇ ಥಂಡರ್‌ಬರ್ಡ್ 52 ಹಾಕಿದೆ, ಎಕ್ಸ್‌ಪಿಯಲ್ಲಿ ಓಡುವ ಕೊನೆಯ ಸರಣಿ ಅದು. ಎಕ್ಸ್‌ಪಿಯ ಬ್ರೌಸರಿಗೆ ಈಗಿನ ಸೈಟ್ ಯಾವುದೂ ಸರಿಯಾಗಿ ಓಪನ್ ಆಗುವುದಿಲ್ಲ, ಲ್ಯಾಪ್‌ಟಾಪಲ್ಲಿ ಇಳಿಸಿ ಪೆನ್‌ಡ್ರೈವಲ್ಲಿ ಹೊತ್ತು ಹಾಕಬೇಕಾಯ್ತು.

ಇಂಪೋರ್ಟ್‌ಗೆ ಒಂದೂವರೆ ಗಂಟೆ. ಆಮೇಲೆ ಲೆಕ್ಕ ಹಾಕಿದೆ: ಹಳೇದರಲ್ಲಿ ಇನ್‌ಬಾಕ್ಸ್ 14,212, ಇದರಲ್ಲಿ 14,197. ಹದಿನೈದು ಕಮ್ಮಿ. ಬಿಡಿ ಮಾವ ಅಂದ್ರೆ ಕೇಳುವ ಜನ ಅಲ್ಲ, ಬ್ಯಾಂಕಲ್ಲಿ ಕೆಲಸ ಮಾಡಿ ರಿಟೈರ್ ಆದವ್ರು, ಟ್ಯಾಲಿ ಆಗ್ಲೇಬೇಕು. ಎರಡನ್ನೂ ತಾರೀಕಿನ ಮೇಲೆ ಸಾಲಾಗಿಟ್ಟು ಹುಡುಕಿದೆವು, ಮಾವ ಓದುವುದು ನಾನು ಟಿಕ್ ಹಾಕುವುದು, ರಾತ್ರಿ ಹತ್ತೂವರೆ ಆಯ್ತು. ಹದಿನೈದೂ ಸಿಕ್ಕಿದ್ವು. ಹನ್ನೊಂದನ್ನು ಔಟ್‌ಲುಕ್ ಎಕ್ಸ್‌ಪ್ರೆಸ್ಸಿಂದ ಎಳೆದು ಡೆಸ್ಕ್‌ಟಾಪಿಗೆ ಬಿಟ್ರೆ ಒಂದೊಂದೂ ಇಎಂಎಲ್ ಫೈಲ್ ಆಗಿ ಬಿತ್ತು. ಉಳಿದ ನಾಲ್ಕು ಅಲ್ಲೇ ತೆರೆಯುವುದಿಲ್ಲ, ಒಳಗೆ ಕೆಟ್ಟಿವೆ. ಮಾವ ಒಂದು ಚೀಟಿಯಲ್ಲಿ ಆ ನಾಲ್ಕರ ಸಬ್ಜೆಕ್ಟ್ ಬರೆದಿಟ್ಟುಕೊಂಡ್ರು.

ಆಮೇಲಿನ ಭಾನುವಾರ

ಸಾಗಾಟ ಅಂತ ಹೆದರಿದ್ದೇ ದಂಡ. ಥಂಡರ್‌ಬರ್ಡ್ ಮೇಲ್ ಇಡುವುದು ಎಂಬಾಕ್ಸ್ ಅಂತ ಮಾಮೂಲಿ ಟೆಕ್ಸ್ಟ್ ಫೈಲಲ್ಲಿ, ಫೋಲ್ಡರಿಗೆ ಒಂದು, ಎಕ್ಸ್‌ಟೆನ್ಶನ್ ಇಲ್ಲ. ಪಕ್ಕದಲ್ಲೇ ಇರುವ ಎಂಎಸ್‌ಎಫ್ ಬರೀ ಇಂಡೆಕ್ಸ್, ಅದನ್ನು ತರ್ಬೇಕಂತಿಲ್ಲ, ಇಲ್ಲದಿದ್ರೆ ತಾನೇ ಹೊಸತು ಕಟ್ಟಿಕೊಳ್ತದೆ. ಒಳಫೋಲ್ಡರ್ ಇದ್ರೆ ಅದೇ ಹೆಸರಿನ ಎಸ್‌ಬಿಡಿ ಫೋಲ್ಡರ್ ಇರ್ತದೆ, ಅದನ್ನು ಮರೀಬಾರ್ದು, ನಾನು ಒಂದ್ಸಲ ಮರೆತು ಮಾವನ ಮುಖ ನೋಡಿದ್ದೇನೆ. ಹೊಸ ಲ್ಯಾಪ್‌ಟಾಪಲ್ಲಿ ಥಂಡರ್‌ಬರ್ಡ್ ಕ್ಲೋಸ್ ಮಾಡಿ, ಪ್ರೊಫೈಲಿನ ಲೋಕಲ್ ಫೋಲ್ಡರ್ಸ್ ಒಳಗೆ ಇವನ್ನೆಲ್ಲ ಹಾಕಿ, ಮತ್ತೆ ತೆರೆದೆ. ಬಂತು! ಆ ಹನ್ನೊಂದು ಇಎಂಎಲ್‌ಗಳನ್ನು ಇಂಪೋರ್ಟ್‌ಎಕ್ಸ್‌ಪೋರ್ಟ್‌ಟೂಲ್ಸ್ ಎನ್‌ಜಿ ಅನ್ನುವ ಆಡ್‌ಆನಿಂದ ಸೇರಿಸಿದೆ. ಹೊಸ ಮೇಲಿಗೆ ಐಎಂಎಪಿ (ಮೇಲ್ ಸರ್ವರಲ್ಲೇ ಉಳಿಯುವ ಕ್ರಮ) ಹಾಕಿಕೊಟ್ಟೆ, ಇನ್ನು ಈ ಗೋಳು ಬೇಡ.

ಮಾವ ಕುರ್ಚಿ ಎಳೆದು ಕೂತು 2006ರ ಒಂದು ಮೇಲ್ ತೆಗೆದ್ರು. ಸಂಘದ ಸ್ಮರಣ ಸಂಚಿಕೆಗೆ ಯಾರೋ ಕಳಿಸಿದ ಲೇಖನ. "ಇದೆಂತದು ಮಾರಾಯ, ಕನ್ನಡ ಎಲ್ಲಿ?"

ಇಂಗ್ಲಿಷ್ ಪಿ, ತಲೆ ಮೇಲೆ ಗೀಟಿರುವ ಎ, ಪೌಂಡ್ ಚಿಹ್ನೆ, ಹೀಗೆ ಸಾಲುಸಾಲು. ನಾನು ಮೊದಲು ಥಂಡರ್‌ಬರ್ಡಲ್ಲಿ ಅಕ್ಷರ ಸರಿಮಾಡುವ ರಿಪೇರ್ ಟೆಕ್ಸ್ಟ್ ಎನ್‌ಕೋಡಿಂಗ್ ಒತ್ತಿದೆ, ಏನೂ ಆಗ್ಲಿಲ್ಲ, ಆಗುವುದೂ ಇಲ್ಲ. ಮೇಲ್ ಕೆಟ್ಟದ್ದಲ್ಲ, ಅದು ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು. ಫೈಲಲ್ಲಿ ಇರುವುದು ಯುನಿಕೋಡ್ (ಈಗ ಎಲ್ಲ ಕಡೆ ನಡೆಯುವ ಅಕ್ಷರ ಸಂಕೇತ) ಕನ್ನಡ ಅಲ್ಲ, ಲ್ಯಾಟಿನ್ ಅಕ್ಷರಗಳೇ, ಅದಕ್ಕೆ ನುಡಿ ಫಾಂಟ್ ಅಂಗಿ ಹಾಕಿದ್ರೆ ಕನ್ನಡ ಕಾಣ್ತದೆ. ಹಳೇ ಡಬ್ಬದಲ್ಲಿ ಫಾಂಟ್ ಇತ್ತು, ಇದರಲ್ಲಿ ಇಲ್ಲ. ಎಕ್ಸ್‌ಪಿಯ ಫಾಂಟ್ಸ್ ಫೋಲ್ಡರಿಂದ ಎತ್ತಿ ಹಾಕಿದೆ, ಲೇಖನ ಎದ್ದು ಕೂತಿತು. ಆದ್ರೆ ಸರ್ಚ್‌ನಲ್ಲಿ ಕನ್ನಡ ಅಂತ ಹೊಡೆದ್ರೆ ಇವು ಸಿಗುವುದಿಲ್ಲ, ಅದಕ್ಕೆ ಒಂದೊಂದನ್ನೇ ಕನ್ವರ್ಟರಿಗೆ ಹಾಕಿ ಯುನಿಕೋಡ್ ಮಾಡಬೇಕು. ನೂರಾ ಎಪ್ಪತ್ತು ಚಿಲ್ಲರೆ ಲೇಖನ. ಇದುವರೆಗೆ ಒಂಬತ್ತು ಆಗಿದೆ. ಒತ್ತಕ್ಷರ ಅಲ್ಲಲ್ಲಿ ತಪ್ಪಿ ಬರ್ತದೆ, ಮಾವನೇ ಪ್ರೂಫ್ ನೋಡ್ತಾರಂತೆ, ಒಳ್ಳೇದೇ ಆಯ್ತು.

ಬಾಕಿ ಇರುವುದು ಅಡ್ರೆಸ್ ಬುಕ್, ಅದು ಡಬ್ಲ್ಯೂಎಬಿ ಅಂತ ಬೇರೆಯೇ ಫೈಲ್, ಸಿಎಸ್‌ವಿ (ಕೋಮಾ ಹಾಕಿ ಬೇರ್ಪಡಿಸಿದ ಪಟ್ಟಿ) ಮಾಡಿ ತರ್ಬೇಕು. ಮುಂದಿನ ವಾರ.

ಹೊರಡುವಾಗ ಚಪ್ಪಲಿ ಹಾಕ್ತಿದ್ದೆ, ಲ್ಯಾಪ್‌ಟಾಪಲ್ಲಿ ಎಂತದೋ ಬಾಕ್ಸ್ ಬಂತು ಅಂತ ಮಾವ ಕರೆದ್ರು. ಫೋಲ್ಡರ್ ಕಾಂಪ್ಯಾಕ್ಟ್ ಮಾಡಿದ್ರೆ ಜಾಗ ಉಳೀತದೆ, ಮಾಡ್ಲಾ ಅಂತ ಥಂಡರ್‌ಬರ್ಡ್ ಕೇಳ್ತಾ ಇದೆ. ನಾನು ಒಳಗೆ ಹೋಗುವಷ್ಟರಲ್ಲಿ ಮಾವ ಕ್ಯಾನ್ಸಲ್ ಒತ್ತಿ ಆಗಿತ್ತು.