ಮನುಷ್ಯರದ್ದೇ, ಆದರೆ ಮನುಷ್ಯರಿಗಲ್ಲ

"ಮೇಡಂ, ಮೇಲೆ ಹ್ಯೂಮನ್ ಅಂತ ಬರ್ದಿದ್ದಾರೆ. ಕೆಳಗೆ ನಾಟ್ ಫಾರ್ ಹ್ಯೂಮನ್ ಯೂಸ್ ಅಂತಾನೂ ಬರ್ದಿದ್ದಾರೆ. ಹಾಗಾದ್ರೆ ಇದು ಯಾರಿಗೆ?"

ಮಂಗಳವಾರದಿಂದ ಈ ಪ್ರಶ್ನೆ ನನ್ನ ತಲೆ ಬಿಟ್ಟು ಇಳಿದಿಲ್ಲ. ಕೇಳಿದ್ದು ನಮ್ಮ ಲ್ಯಾಬಿನ ಸ್ಟೋರ್ ನೋಡಿಕೊಳ್ಳುವ ಅಣ್ಣ. ಅವರ ಕೈಯಲ್ಲಿದ್ದದ್ದು ಇಜಿಎಫ್, ಅಂದರೆ ರೀಕಾಂಬಿನೆಂಟ್ ಹ್ಯೂಮನ್ ಎಪಿಡರ್ಮಲ್ ಗ್ರೋತ್ ಫ್ಯಾಕ್ಟರ್, ಕೋಶಗಳಿಗೆ ಬೆಳೆಯಲು ಹೇಳುವ ಒಂದು ಪ್ರೋಟೀನು, 100 ಮೈಕ್ರೋಗ್ರಾಂ. ಥರ್ಮಾಕೋಲ್ ಡಬ್ಬ ಬಿಚ್ಚಿ, ಜೆಲ್ ಪ್ಯಾಕ್ ಸರಿಸಿದರೆ ಒಳಗೆ ಬೆರಳಿನ ತುದಿಯಷ್ಟು ಸೀಸೆ. ನೋಡಿದರೆ ಖಾಲಿ. ಬೆಳಕಿಗೆ ಹಿಡಿದು ಓರೆ ಮಾಡಿದಾಗ ಮಾತ್ರ ತಳದಲ್ಲಿ ಬೆಳ್ಳಗೆ ಒಂದು ಪೊರೆ ಅಂಟಿಕೊಂಡಿರುವುದು ಕಾಣುತ್ತದೆ. ಅಷ್ಟರಲ್ಲೇ 5 ಲೀಟರ್ ಮೀಡಿಯಂ, ಅಂದರೆ ಲ್ಯಾಬಲ್ಲಿ ಕೋಶ ಬೆಳೆಸುವ ದ್ರವ, ಆಗುತ್ತದೆ. ನಮ್ಮ ಕೋಶಗಳಿಗೆ ಒಂದು ಎಂಎಲ್‌ಗೆ 20 ನ್ಯಾನೋಗ್ರಾಂ ಸಾಕು.

ಪಕ್ಕದಲ್ಲಿದ್ದ ಪೋಸ್ಟ್‌ಡಾಕ್ ಮಹಾಶಯ, ಅಂದರೆ ಪಿಎಚ್‌ಡಿ ಮುಗಿಸಿ ನಮ್ಮ ಲ್ಯಾಬಲ್ಲಿ ಸಂಶೋಧನೆ ಮಾಡುತ್ತಿರುವವ, ಜೋರಾಗಿ ನಕ್ಕ. "ಜನರಿಗಲ್ಲ ಅಣ್ಣಾ, ಪ್ಲೇಟಲ್ಲಿರೋ ಕೋಶಗಳಿಗೆ" ಅಂದು ಹೋಗೇಬಿಟ್ಟ. ಉತ್ತರವೇನೋ ಸರಿಯೇ. ಆದರೆ ಆ ನಗು ಬೇಕಿತ್ತಾ? ಅವನು ಬುದ್ಧಿವಂತ, ಒಪ್ಪುತ್ತೇನೆ. ಆದರೆ ತನಗಿಂತ ಕಡಿಮೆ ಓದಿದವರು ಪ್ರಶ್ನೆ ಕೇಳಿದರೆ ಅದನ್ನು ಜೋಕ್ ಅಂದುಕೊಳ್ಳುವ ಚಾಳಿ ಅವನಿಗೆ ಮೊದಲಿನಿಂದಲೂ ಇದೆ.

ಅಣ್ಣ ಹೋಗಲಿಲ್ಲ. "ಗಾಯ ಮಾಯಿಸೋ ಪ್ರೋಟೀನು ಅಂತ ಓಪನ್ ಡೇ ದಿನ ಮಕ್ಕಳಿಗೆ ಹೇಳ್ತಿದ್ರಲ್ಲ, ಇದೇ ಅಲ್ವಾ?" ಅಂದರು. ಆಗ ಗೊತ್ತಾಯಿತು. ಅವರ ತಾಯಿಗೆ ಬಹಳ ವರ್ಷದಿಂದ ಶುಗರ್. ಕಾಲಲ್ಲಿ ಹುಣ್ಣಾಗಿದೆ, ಡ್ರೆಸ್ಸಿಂಗ್‌ಗೆ ಅಂತ ಅವರು ಆಗಾಗ ರಜೆ ಹಾಕುತ್ತಾರೆ. ಸೀಸೆಯಲ್ಲಿ ಒಂದು ಚೂರು ಸಿಗುತ್ತಾ ಅಂತ ಅವರು ಕೇಳಲಿಲ್ಲ. ಸುಮ್ನೆ ಲೇಬಲ್ ಓದಿದರು, ಅಷ್ಟೇ.

ಇಬ್ಬರೂ ಸ್ಟೋರಿನ ಸ್ಟೂಲ್ ಮೇಲೆ ಕೂತು ಮಾತಾಡಿದೆವು. ಅಮೆರಿಕದಲ್ಲಿ ವಿಜ್ಞಾನಿ ಸ್ಟ್ಯಾನ್ಲಿ ಕೋಹೆನ್ ಇಲಿಯ ಜೊಲ್ಲು ಗ್ರಂಥಿಯ ಸಾರವನ್ನು ಆಗ ತಾನೇ ಹುಟ್ಟಿದ ಇಲಿಮರಿಗಳಿಗೆ ಚುಚ್ಚಿದ್ದು, 12ರಿಂದ 14 ದಿನಕ್ಕೆ ಕಣ್ಣು ಬಿಡಬೇಕಿದ್ದ ಮರಿಗಳು 6-7ನೇ ದಿನಕ್ಕೇ ಬಿಟ್ಟಿದ್ದು, ಅದರ ಬೆನ್ನು ಹತ್ತಿ ಹೋಗಿ ಇಜಿಎಫ್ ಸಿಕ್ಕಿದ್ದು, 1986ರಲ್ಲಿ ರೀಟಾ ಲೆವಿ-ಮೊಂಟಾಲ್ಚಿನಿ ಜೊತೆ ನೊಬೆಲ್ ಬಂದಿದ್ದು, ಎಲ್ಲ ಹೇಳಿದೆ. ಇದು ನಮ್ಮ ಎಂಜಲಲ್ಲೂ ಇದೆ ಅಂದಾಗ ಮಾತ್ರ ಅಣ್ಣ ಮುಂದೆ ಬಾಗಿದರು. "ನಾಯಿ ಗಾಯ ನೆಕ್ಕೋದು ಇದಕ್ಕೇನಾ?" ಪೂರ್ತಿ ಇದಕ್ಕೇ ಅನ್ನಲಾಗದು, ನಾಯಿಯ ಬಾಯಲ್ಲಿ ರೋಗಾಣುಗಳೂ ಬೇಕಾದಷ್ಟಿರುತ್ತವೆ ಅಂದೆ.

ಸೀಸೆಯಲ್ಲಿರುವುದು 53 ಅಮೈನೋ ಆಮ್ಲಗಳ ಪುಟ್ಟ ಸರಪಳಿ. ಮನುಷ್ಯರ ಜೀನ್‌ನಲ್ಲಿರುವ ಮಾಹಿತಿಯನ್ನು ಇ. ಕೋಲೈ ಬ್ಯಾಕ್ಟೀರಿಯಾಕ್ಕೆ ಕೊಟ್ಟು, ಅದರ ಕೈಲಿ ಮಾಡಿಸಿದ್ದು. ಅದಕ್ಕೇ ಮೇಲೆ 'ಹ್ಯೂಮನ್'. ಬ್ಯಾಕ್ಟೀರಿಯಾದ ಹೊರಪದರದಿಂದ ಬರುವ ಎಂಡೋಟಾಕ್ಸಿನ್ ಒಂದಿಷ್ಟು ಉಳಿದಿದ್ದರೂ ಮೈಗೆ ಜ್ವರ, ಉರಿಯೂತ ತರಬಹುದು. ಎಷ್ಟು ಹಚ್ಚಬೇಕು, ಎಷ್ಟು ದಿನ, ಯಾರಿಗೆ ಹಚ್ಚಬಾರದು ಅಂತ ಈ ಸೀಸೆಯನ್ನು ಇಟ್ಟುಕೊಂಡು ಯಾರೂ ಪರೀಕ್ಷೆ ಮಾಡಿಲ್ಲ. ಅದಕ್ಕೆ ಕೆಳಗಿನ ಸಾಲು. ಕೋಶಕ್ಕೆ 'ಬೆಳೆ' ಅನ್ನುವ ಸಂಕೇತ ಎಲ್ಲ ಕಡೆಯೂ ಒಳ್ಳೆಯದಲ್ಲ. ಕೆಲವು ಬಗೆಯ ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ಜೆಫಿಟಿನಿಬ್ ಮಾತ್ರೆ ಕೊಡುವುದೇ ಇಜಿಎಫ್‌ನ ರಿಸೆಪ್ಟರ್ (ಕೋಶದ ಮೇಲೆ ಇಜಿಎಫ್ ಬಂದು ಕೂರುವ ಪ್ರೋಟೀನು) ಕಳಿಸುವ ಸಂಕೇತ ತಡೆಯುವುದಕ್ಕೆ.

ಇಷ್ಟು ಹೇಳುವ ಹೊತ್ತಿಗೆ ನನಗೇ ಕಸಿವಿಸಿ. ಪ್ರತಿ ಸಲ ಅನುದಾನ ಕೇಳುವ ಅರ್ಜಿಯ ಮೊದಲ ಪ್ಯಾರಾದಲ್ಲೇ ನಾವು ಮಧುಮೇಹಿಗಳ ಗಾಯದ ಬಗ್ಗೆ ಬರೆಯುತ್ತೇವೆ. ಅಂಥ ಗಾಯವಿರುವ ಮನೆಯವರೊಬ್ಬರು ವರ್ಷಗಟ್ಟಲೆ ನಮ್ಮ ಡಬ್ಬಗಳನ್ನು ಹೊತ್ತು ತಂದು ಫ್ರಿಜ್‌ಗೆ ಇಡುತ್ತಿದ್ದಾರೆ. ಒಳಗೇನಿದೆ ಅಂತ ಅವರಿಗೆ ಹೇಳಬೇಕು ಅಂತ ಲ್ಯಾಬಲ್ಲಿ ಯಾರಿಗೂ ಹೊಳೆದಿಲ್ಲ. ಓಪನ್ ಡೇಗೆ ಬರುವ ಶಾಲೆ ಮಕ್ಕಳಿಗೆ ಪೋಸ್ಟರ್ ಹಾಕಿ ವಿವರಿಸುತ್ತೇವೆ. ಸ್ಟೋರಿಗೆ ಹೋದಾಗ ಸಹಿ ಹಾಕಿ ಬರುತ್ತೇವೆ.

ಇದೇ ಪ್ರೋಟೀನ್ ಹಾಕಿದ ಜೆಲ್ ನಮ್ಮ ದೇಶದಲ್ಲಿ ಔಷಧಿಯಾಗಿಯೇ ಸಿಗುತ್ತದೆ, ಮಧುಮೇಹದ ಕಾಲು ಹುಣ್ಣಿಗೆ ಅಂತಲೇ. ಹೆಸರು ಚೀಟಿಯಲ್ಲಿ ಬರೆದುಕೊಟ್ಟೆ. ಅಂಗಡಿಯಿಂದ ನೇರ ತರಬೇಡಿ, ಡಾಕ್ಟರ್ ಹತ್ತಿರ ಕೇಳಿ ಅಂದೆ. ಗುರುವಾರ ಬಂದು ಹೇಳಿದರು: ಡಾಕ್ಟರ್ ಮೊದಲು ಕಾಲಿಗೆ ರಕ್ತ ಸರಿಯಾಗಿ ಹೋಗ್ತಿದೆಯಾ ನೋಡಬೇಕು, ಶುಗರ್ ಇಳಿಸಬೇಕು, ಜೆಲ್ ಮಾತು ಆಮೇಲೆ ಅಂದರಂತೆ. ಸರಿಯಾದ ಡಾಕ್ಟರೇ ಸಿಕ್ಕಿದ್ದಾರೆ ಅನ್ನಿಸಿತು.

ಪೋಸ್ಟ್‌ಡಾಕ್ ಈ ಕಥೆಯನ್ನು ಊಟದ ಟೇಬಲ್ ಮೇಲೆ ಇನ್ನೂ ಹೇಳಿಕೊಂಡು ನಗುತ್ತಿದ್ದಾನೆ. ನಿನ್ನೆ ಕೇಳಿಯೇಬಿಟ್ಟೆ, "ಈ ಬ್ಯಾಚ್‌ನಲ್ಲಿ ಎಂಡೋಟಾಕ್ಸಿನ್ ಎಷ್ಟಿದೆಯಪ್ಪಾ?" ಸರ್ಟಿಫಿಕೇಟ್ ನೋಡಬೇಕು ಅಂದ. ಅದು ಡಬ್ಬದ ಜೊತೆಗೇ ಬಂದಿತ್ತು, ಸ್ಟೋರಿನ ಫೈಲಲ್ಲಿದೆ, ಅಣ್ಣನ್ನ ಕೇಳು ಅಂದೆ.