ಮೂರೆಲೆ ಬಲ್ಲವರ ಜೊತೆ ಪೋಕರ್

ದೀಪಾವಳಿ ರಾತ್ರಿ ನಮ್ಮ ಮನೇಲಿ ಇಸ್ಪೀಟು ಇರಲೇಬೇಕು. ಈ ಸಲ ಪೋಕರ್ ಆಡೋಣ ಅಂತ ನಾನೇ ಹಟ ಹಿಡಿದು ಎಲ್ಲರನ್ನೂ ಕೂರಿಸಿದೆ. ಭಾವ, ಅತ್ತಿಗೆ, ಚಿಕ್ಕಮ್ಮ, ತಂಗಿ ಎಲ್ಲರೂ ರಮ್ಮಿ, ಮೂರೆಲೆಯಲ್ಲಿ ಪಳಗಿದವರು. ಪೋಕರ್ ಮಾತ್ರ ಯಾರಿಗೂ ಗೊತ್ತಿಲ್ಲ.

ದುಡ್ಡು ಬೇಡ ಎಂದೆ. ಈಗಷ್ಟೇ ಕಲಿಯುವವರಿಂದ ದುಡ್ಡು ಗೆಲ್ಲುವುದು ನನಗೆ ಸರಿ ಕಾಣುವುದಿಲ್ಲ. ತಲೆಗೆ 50 ಹುಣಸೆ ಬೀಜ ಹಂಚಿದೆ. ಬೀಜ ಮೊದಲು ಖಾಲಿಯಾದವರು ಎಲ್ಲರಿಗೂ ಕಾಫಿ ಮಾಡಬೇಕು. ಏನೂ ಪಣ ಇಲ್ಲದಿದ್ದರೆ ಯಾರೂ ಪ್ಯಾಕ್ ಮಾಡುವುದೇ ಇಲ್ಲ, ಅಂದರೆ ಎಲೆ ಕೆಳಗಿಟ್ಟು ಆ ಆಟ ಬಿಡುವುದೇ ಇಲ್ಲ, ಆಟ ಕೆಡುತ್ತೆ.

ಮೊದಲ ಕೆಲವು ಆಟ ಎಲೆ ತೆರೆದಿಟ್ಟೇ ಆಡಿದೆವು. ಕೈಯಲ್ಲಿ ಎರಡೆಲೆ. ನಡುವೆ ಎಲ್ಲರಿಗೂ ಸೇರಿದ ಐದೆಲೆ: ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಇನ್ನೊಂದು. ಏಳರಲ್ಲಿ ಒಳ್ಳೆಯ ಐದು ಲೆಕ್ಕಕ್ಕೆ. ಇಷ್ಟು ಬೇಗ ಹಿಡಿದರು.

ಜಗಳ ಬಂದದ್ದು ಬೇರೆ ಕಡೆ. ನಡುವೆ ಇಸ್ಪೀಟ್ (ಸ್ಪೇಡ್) ಜಾತಿಯ ಆರು, ಏಳು, ರಾಣಿ, ಜೊತೆಗೆ ಡೈಮಂಡ್ ಎಂಟು, ಕಳಾವರ್ ಎರಡು. ಭಾವನ ಕೈಯಲ್ಲಿ ಒಂಬತ್ತು, ಹತ್ತು; ಆರರಿಂದ ಹತ್ತರವರೆಗೆ ಸಾಲು, ಅಂದರೆ ಸೀಕ್ವೆನ್ಸ್. ಚಿಕ್ಕಮ್ಮನ ಹತ್ತಿರ ಇಸ್ಪೀಟಿನ ರಾಜ, ಮೂರು; ಐದೂ ಒಂದೇ ಜಾತಿ, ಅಂದರೆ ಕಲರ್. ಭಾವ ಬೀಜ ಬಾಚಿಕೊಳ್ಳಲು ಕೈ ಹಾಕಿಯೇ ಬಿಟ್ಟರು. “ಭಾವ, ಇದು ಚಿಕ್ಕಮ್ಮಂದು” ಎಂದೆ. “ಸೀಕ್ವೆನ್ಸ್ ಮುಂದೆ ಕಲರ್ ಯಾವ ಲೆಕ್ಕ ರೀ?” ಅಂತ ರೇಗಿದರು.

ಮೂರೆಲೆಯಲ್ಲಿ ಅವರ ಮಾತು ಸರಿ. ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದು ತೋರಿಸಿದೆ. ಮೂರೆಲೆ ಬೀಳುವ ಬಗೆ 22,100. ಅದರಲ್ಲಿ ಬರೀ ಸೀಕ್ವೆನ್ಸ್ 720, ಕಲರ್ 1,096. ಐದೆಲೆಯಾದರೆ ಒಟ್ಟು 25,98,960. ಸೀಕ್ವೆನ್ಸ್ 10,200, ಕಲರ್ 5,108 ಮಾತ್ರ. ಅಪರೂಪದ್ದೇ ದೊಡ್ಡದು, ಅಲ್ವಾ? ಅದಕ್ಕೇ ಪೋಕರಿನಲ್ಲಿ ಕಲರ್ ಮೇಲೆ. ಭಾವ ಹಾಳೆಯನ್ನು ಎರಡು ಸಲ ನೋಡಿ, ಬೀಜಗಳನ್ನು ತಾವೇ ಚಿಕ್ಕಮ್ಮನ ಕಡೆ ದೂಡಿದರು. ನಿಯಮ ಹೀಗೇ ಅಂತ ಬಾಯಿ ಮುಚ್ಚಿಸುವುದಕ್ಕಿಂತ ಕಾರಣ ಹೇಳಿದರೆ ಹೊಸಬರು ಆಟವನ್ನು ನಂಬುತ್ತಾರೆ.

ಅತ್ತಿಗೆ ಅಷ್ಟು ಹೊತ್ತೂ ಸುಮ್ನೆ ಪ್ಯಾಕ್ ಮಾಡುತ್ತಲೇ ಇದ್ದರು. ನಡುರಾತ್ರಿ ದಾಟಿದ ಮೇಲೆ ಒಮ್ಮೆಲೇ 20 ಬೀಜ ಮುಂದೆ ತಳ್ಳಿದರು. ಒಬ್ಬೊಬ್ಬರಾಗಿ ನಾವೆಲ್ಲ ಎಲೆ ಕೆಳಗಿಟ್ಟೆವು. “ನಾನು ತೋರಿಸಲೇಬೇಕಾ?” ಎಂದು ನನ್ನನ್ನು ಕೇಳಿದರು. “ಬೇಕಿಲ್ಲ ಅತ್ತಿಗೆ, ಎಲ್ಲರೂ ಬಿಟ್ಟಾಯ್ತಲ್ಲ” ಎಂದೆ. ಎರಡೂ ಎಲೆಗಳನ್ನು ಕಟ್ಟಿನೊಳಗೆ ಸೇರಿಸಿ ಕಲಸಿಬಿಟ್ಟರು. ಏನಿತ್ತು ಅಂತ ಭಾವ ಮರುದಿನ ತಿಂಡಿ ಹೊತ್ತಿಗೂ ಕೇಳುತ್ತಲೇ ಇದ್ದರು.