ಚಾಚಿದ ಕೈ

ಇವತ್ತು ಆಫೀಸಿಗೆ ಬಂದ ಕ್ಲೈಂಟ್ ಒಬ್ಬರು, ನಮ್ಮ ಟೀಮ್ ಲೀಡ್ ಚಾಚಿದ ಕೈಯನ್ನು ದಾಟಿ ಅವರ ಹಿಂದೆ ನಿಂತಿದ್ದ ಹೊಸ ಹುಡುಗನ ಕೈ ಕುಲುಕಿದರು. ಲೀಡ್ ಕಪ್ಪು ವರ್ಣೀಯರು. ಹುಡುಗ ಬಿಳಿಯ. ಆ ಕೈ ಒಂದೆರಡು ಕ್ಷಣ ಹಾಗೇ ಗಾಳಿಯಲ್ಲಿ ಇತ್ತು, ಆಮೇಲೆ ಅವರು ಅದೇ ಕೈಯಿಂದ ಕುರ್ಚಿ ಎಳೆದು ಕೊಟ್ಟು, 'ಕೂತ್ಕೊಳ್ಳಿ, ಈ ಪ್ರಾಜೆಕ್ಟ್ ನೋಡಿಕೊಳ್ಳುವುದು ನಾನೇ' ಅಂದರು. ಎಷ್ಟು ಅಭ್ಯಾಸ ಆಗಿರಬೇಕು ಅವರಿಗೆ! ನನಗೆ ಸಂಕಟ ಆಗಿದ್ದು ಅದಕ್ಕೇ.

ಯಾರೂ ಬೈಯಲಿಲ್ಲ, ಕೆಟ್ಟ ಮಾತಾಡಲಿಲ್ಲ. ದೂರು ಕೊಡೋಣ ಅಂದರೆ ಏನಂತ ಬರೆಯುವುದು? ಹೀಗೆ ಸದ್ದಿಲ್ಲದೆ ನಡೆಯುವುದೇ ಜಾಸ್ತಿ ಅಲ್ವಾ.

ಅಮೆರಿಕದ ಬಾಸ್ಟನ್, ಷಿಕಾಗೊದಲ್ಲಿ ನಡೆಸಿದ ಒಂದು ಅಧ್ಯಯನ 2004ರಲ್ಲಿ ಪ್ರಕಟವಾಗಿತ್ತು. ಕೆಲಸಕ್ಕೆ ಹಾಕುವ ಒಂದೇ ಥರದ ಅರ್ಜಿಗಳಿಗೆ ಬೇರೆ ಬೇರೆ ಹೆಸರು ಹಾಕಿ ಕಳಿಸಿದಾಗ, ಬಿಳಿಯರದ್ದು ಅನ್ನಿಸುವ ಹೆಸರುಗಳಿಗೆ ಕಪ್ಪು ಜನರದ್ದು ಅನ್ನಿಸುವ ಹೆಸರುಗಳಿಗಿಂತ ಸುಮಾರು ಶೇ 50ರಷ್ಟು ಜಾಸ್ತಿ ಕರೆ ಬಂದಿತ್ತು. ಮುಖ ನೋಡುವ ಮೊದಲೇ! ಬರೀ ಹೆಸರು ಓದಿ.

ನಮ್ಮ ಟೀಮಿಗೂ ಹೊಸಬರನ್ನು ತೆಗೆದುಕೊಳ್ಳುವುದಿದೆ. ಮೊದಲ ಸುತ್ತಿನಲ್ಲಿ ಹೆಸರು, ಫೋಟೊ ಎರಡನ್ನೂ ಮರೆಮಾಡಿ ಅರ್ಜಿ ಓದೋಣ ಅಂತ ನಾಳೆ ಕೇಳುತ್ತೇನೆ.